ನಾಯಿ ಗೇಟು ದಾಟುವುದೇಕೆ? ಕೆಲವು ತಪ್ಪು ಕಲ್ಪನೆಗಳು

ಅನ್ನ ಹಾಕಿದ ಮನೆಯನ್ನು ನಾಯಿ ಬಿಟ್ಟು ಹೋಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗಾಗಿ ಗೇಟು ತೆರೆದ ಕೂಡಲೇ ಓಟ ಕಿತ್ತ ನಾಯಿಯನ್ನು ನಿಯತ್ತಿಲ್ಲದ್ದು ಎಂದು ಬೈಯುತ್ತೇವೆ. ಓಡುವುದಕ್ಕೂ ನಿಯತ್ತಿಗೂ ಸಂಬಂಧವೇ ಇಲ್ಲ. ಗಂಡು ನಾಯಿಯನ್ನು ಬೆದೆಗೆ ಬಂದ ಹೆಣ್ಣಿನ ವಾಸನೆ ಎಳೆಯುತ್ತದೆ. ಕಣ್ಣಿನಿಂದಲೇ ಬೇಟೆ ಹಿಡಿಯುವ ಮುಧೋಳ ತಳಿಗೆ ದೂರದಲ್ಲಿ ಬೆಕ್ಕೊಂದು ಓಡಿದರೂ ಸಾಕು. ದಿನವಿಡೀ ಒಂಟಿಯಾಗಿರುವ ನಾಯಿಗೆ ಬೇಸರ, ಪಟಾಕಿ ಸದ್ದಿಗೆ ನಡುಗುವ ನಾಯಿಗೆ ಭಯ. ನಿಮ್ಮ ನಾಯಿ ಯಾವ ಹೊತ್ತಿನಲ್ಲಿ, ಯಾವ ಕಡೆಯಿಂದ ಓಡುತ್ತದೆ ಎಂದು ಕೆಲವು ದಿನ ಗಮನಿಸಿದರೆ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಅದು ತಿಳಿಯದೆ ಗೋಡೆಗೆ ದುಡ್ಡು ಸುರಿಯಬೇಡಿ.

‘ಕಾಂಪೌಂಡ್ ಎತ್ತರವಿದ್ದರೆ ಸಾಕು’ ಎನ್ನುವವರು ಗೋಡೆಯ ಬುಡವನ್ನೂ ಒಮ್ಮೆ ನೋಡಬೇಕು. ಬಟ್ಟೆ ಒಗೆಯುವ ಕಲ್ಲು, ನೀರಿನ ಡ್ರಮ್, ಸೌದೆ ರಾಶಿ, ಮನೆ ಕಟ್ಟಿ ಉಳಿದ ಇಟ್ಟಿಗೆ ಇವೆಲ್ಲ ನಾಯಿಗೆ ಮೆಟ್ಟಿಲು. ಇವನ್ನು ಗೋಡೆಯಿಂದ ದೂರ ಸರಿಸುವುದಕ್ಕೆ ಖರ್ಚಿಲ್ಲ. ಗೇಟಿನ ಕೆಳಗಿನ ಸಂದಿಯಲ್ಲಿ ತಲೆ ತೂರಿದರೆ ಮರಿಯ ಮೈಯೂ ತೂರುತ್ತದೆ. ಅಲ್ಲಿಗೆ ಜಾಲರಿಯನ್ನೋ ಹಲಗೆಯನ್ನೋ ಹಾಕಿಸಿ. ನೆಲ ಕೆರೆದು ನುಸುಳುವ ನಾಯಿಯಿದ್ದರೆ ಬೇಲಿಯ ಬುಡದಲ್ಲಿ ತಂತಿ ಜಾಲರಿಯನ್ನು ಒಳಬದಿಗೆ ಮಡಿಸಿ, ಮಣ್ಣಿನಡಿ ಹೂತು, ಮೇಲೆ ಕಲ್ಲು ಹೇರಬೇಕು. ಕೆರೆಯುತ್ತಾ ಹೋದಂತೆ ಪಂಜಕ್ಕೆ ಜಾಲರಿ ಸಿಕ್ಕಿ ಅದು ಕೈಬಿಡುತ್ತದೆ. ಗೋಡೆ ಮೇಲೆ ಗಾಜಿನ ಚೂರು ನೆಡುವುದು ಮಾತ್ರ ಬೇಡವೇ ಬೇಡ. ಹೆದರಿದ ನಾಯಿ ಗಾಜಿದೆಯೆಂದು ನಿಲ್ಲುವುದಿಲ್ಲ; ಪಾದ, ಹೊಟ್ಟೆ ಸೀಳಿಕೊಂಡು ಹಾರುತ್ತದೆ.

ಇಷ್ಟೆಲ್ಲ ಮಾಡಿದರೂ ಹಾಲಿನವರು, ಸಿಲಿಂಡರ್ ತಂದವರು ತೆರೆದಿಟ್ಟ ಗೇಟು ಉಳಿದೇ ಇರುತ್ತದೆ. ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗು, ನಾಯಿಯ ಮೂತಿಗೆ ಎಟುಕದ ಚಿಲಕ ಇವೆರಡು ಬೇಕು.

ಹಾಗಾದರೆ ಸರಪಳಿ ಹಾಕಿ ಕಟ್ಟಿಬಿಡೋಣವೇ? ಎಷ್ಟೋ ಮನೆಗಳಲ್ಲಿ ಇದೇ ಪರಿಹಾರ, ನನಗೆ ಅತ್ಯಂತ ನೋವು ಕೊಡುವುದೂ ಇದೇ. ಹಗಲಿಡೀ ಕಟ್ಟಿದ ನಾಯಿ ಬಿಚ್ಚಿದ ಕ್ಷಣ ಇನ್ನೂ ಜೋರಾಗಿ ಓಡುತ್ತದೆ. ಗೋಡೆ ಪಕ್ಕ ಕಟ್ಟಿದರಂತೂ ಹಾರಲು ಹೋಗಿ ಆಚೆ ಬದಿಗೆ ನೇತುಬಿದ್ದು ಉಸಿರುಗಟ್ಟುವ ಅಪಾಯವಿದೆ. ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ ಅಪರಾಧ. ಸದಾ ಕಟ್ಟಿದ ನಾಯಿಗೆ ಓಡಾಟ ಕೊಡದಿರುವುದೂ ಅದೇ ಸೆಕ್ಷನ್ನಿನಡಿ ತಪ್ಪು. ಅಂಗಳ ದೊಡ್ಡದಿದ್ದರೆ ವಾಕಿಂಗ್ ಬೇಡ ಎಂಬುದೂ ಸುಳ್ಳು. ಎಷ್ಟೇ ವಿಶಾಲವಾಗಿರಲಿ, ದಿನವೂ ಅದೇ ಅಂಗಳ, ಅದೇ ವಾಸನೆ. ಬೆಳಿಗ್ಗೆ ಸಂಜೆ ಹೊರಗೆ ಕರೆದೊಯ್ದು, ಮನಸಾರೆ ಮೂಸಲು ಬಿಟ್ಟ ನಾಯಿಗೆ ಗೋಡೆಯಾಚೆಯ ಹಂಬಲ ಕಡಿಮೆಯಾಗುತ್ತದೆ.

ಸಂತಾನಹರಣ ಚಿಕಿತ್ಸೆಯ ಸುತ್ತಲೂ ಗೊಂದಲವಿದೆ. ‘ಒಮ್ಮೆಯಾದರೂ ಮರಿ ಹಾಕಲಿ’ ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಅಲೆದಾಟ ಸಾಮಾನ್ಯವಾಗಿ ತಗ್ಗುತ್ತದೆ. ಆದರೆ ಭಯಕ್ಕೋ ಬೇಸರಕ್ಕೋ ಓಡುವ ನಾಯಿ ಆಮೇಲೂ ಓಡುತ್ತದೆ.

ದೀಪಾವಳಿಯ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ‘ನಮ್ಮದು ಎಂದೂ ಗೋಡೆ ಹಾರಿದ್ದಿಲ್ಲ’ ಎಂಬ ಧೈರ್ಯ ಆ ರಾತ್ರಿಗಳಲ್ಲಿ ಕೈಕೊಡುತ್ತದೆ. ನಾಯಿಯ ಕಿವಿ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ದಿಗಿಲುಬಿದ್ದಾಗ ಅದು ತನ್ನ ಎಂದಿನ ಶಕ್ತಿಯನ್ನೂ ಮೀರಿ ಹಾರುತ್ತದೆ, ಎತ್ತ ಓಡುತ್ತಿದ್ದೇನೆಂಬ ಅರಿವೂ ಇರುವುದಿಲ್ಲ. ಕತ್ತಲಾಗುವ ಮೊದಲೇ ಸುತ್ತಾಡಿಸಿ, ಊಟ ಹಾಕಿ, ಒಳಕೋಣೆಯಲ್ಲಿ ಫ್ಯಾನೋ ಟೀವಿಯೋ ಹಾಕಿ ಇರಿಸಿಕೊಳ್ಳಿ. ಮೈದಡವಿದರೆ ಭಯ ಹೆಚ್ಚುತ್ತದೆ ಎಂದು ಹೇಳುವವರ ಮಾತು ಕೇಳಬೇಡಿ. ಹತ್ತಿರ ಬಂದರೆ ಧಾರಾಳವಾಗಿ ತಬ್ಬಿಕೊಳ್ಳಿ. ತೀರಾ ಹೆದರುವ ನಾಯಿಗೆ ಔಷಧಿ ಬೇಕೇ ಎಂದು ಹಬ್ಬಕ್ಕೆ ಮೊದಲೇ ಪಶುವೈದ್ಯರನ್ನು ಕೇಳಿ. ಮನುಷ್ಯರ ಮಾತ್ರೆಯನ್ನು ನೀವೇ ಕೊಡಬೇಡಿ.

ಮರಳಿ ಬಂದಾಗ ನಾಲ್ಕೇಟು ಬಿಗಿದರೆ ಬುದ್ಧಿ ಬರುತ್ತದೆಯೇ? ಗೋಡೆ ಹಾರಿ ಅರ್ಧ ಗಂಟೆಯಾದ ಮೇಲೆ ಬಿದ್ದ ಏಟಿಗೂ ಆ ಹಾರುವಿಕೆಗೂ ನಾಯಿ ನಂಟು ಕಟ್ಟಲಾರದು. ಮನೆಗೆ ಬಂದದ್ದಕ್ಕೆ ಏಟು ಬಿತ್ತು ಎಂದಷ್ಟೇ ಅದು ಕಲಿಯುತ್ತದೆ, ಮುಂದಿನ ಸಲ ಕರೆದರೂ ಹತ್ತಿರ ಬರುವುದಿಲ್ಲ. ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗುವುದೂ ಅಷ್ಟೇ. ಅದು ಇನ್ನಷ್ಟು ದೂರ ಓಡುತ್ತದೆ. ಕುಕ್ಕರುಗಾಲಲ್ಲಿ ಕುಳಿತು, ತಿಂಡಿ ತೋರಿಸಿ, ಮೆತ್ತಗೆ ಹೆಸರು ಹಿಡಿದು ಕರೆಯಿರಿ. ಬಂದರೆ ಮುದ್ದಿಸಿ.

ಇನ್ನು ಮೈಕ್ರೋಚಿಪ್. ಅದು ಇದ್ದರೆ ನಾಯಿ ಎಲ್ಲಿದೆಯೆಂದು ಮೊಬೈಲಿನಲ್ಲಿ ಕಾಣುತ್ತದೆ ಎಂದು ಹಲವರು ಭಾವಿಸಿದ್ದಾರೆ. ಅಕ್ಕಿಕಾಳಿನಷ್ಟಿರುವ ಆ ಚಿಪ್ಪಿಗೆ ಬ್ಯಾಟರಿಯೇ ಇಲ್ಲ. ಸ್ಕ್ಯಾನರ್ ಹಿಡಿದಾಗ ಒಂದು ಸಂಖ್ಯೆ ಕೊಡುತ್ತದೆ, ಅಷ್ಟೇ. ಆ ಸಂಖ್ಯೆಯೊಂದಿಗೆ ನಿಮ್ಮ ವಿವರ ನೋಂದಣಿಯಾಗಿದ್ದರೆ ಮಾತ್ರ ಉಪಯೋಗ. ಬೀದಿಯಲ್ಲಿ ನಾಯಿ ಸಿಕ್ಕವರ ಬಳಿ ಸ್ಕ್ಯಾನರ್ ಇರುವುದಿಲ್ಲ, ಫೋನ್ ಇರುತ್ತದೆ. ಕೊರಳಪಟ್ಟಿಯ ಮೇಲೆ ನೀವು ಈಗ ಬಳಸುತ್ತಿರುವ ನಂಬರ್ ಇದೆಯೇ, ರೇಬಿಸ್ ಲಸಿಕೆಯ ಅವಧಿ ಮುಗಿದಿಲ್ಲವೇ, ಗೇಟಿನ ಚಿಲಕ ಸರಿಯಾಗಿ ಬೀಳುತ್ತಿದೆಯೇ ಎಂದು ದಯವಿಟ್ಟು ಇವತ್ತೇ ನೋಡಿ.