ವಿಂಡೋಸ್ 11ಕ್ಕೆ ಬಂದ ಮೇಲೆ ಲ್ಯಾಪ್‌ಟಾಪಿನ ಫ್ಯಾನು ಸದ್ದು ಮಾಡುತ್ತಿದೆಯೇ? ಅಂಗಡಿಗೆ ಒಯ್ಯುವ ಮೊದಲು ಇಷ್ಟು ನೋಡಿ



ಕೆಲವು ತಿಂಗಳುಗಳಿಂದ ಸಂಘಕ್ಕೆ ಬರುವ ಫೋನುಗಳಲ್ಲಿ ಕಾರ್ಯಕ್ರಮ ಯಾವಾಗ ಎಂದು ಕೇಳುವವರಿಗಿಂತ ಲ್ಯಾಪ್‌ಟಾಪಿನ ಬಗ್ಗೆ ಕೇಳುವವರೇ ಹೆಚ್ಚು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಆ ದಿನಾಂಕದ ಆಸುಪಾಸಿನಲ್ಲಿ ನಮ್ಮವರು ಬಹಳ ಮಂದಿ ವಿಂಡೋಸ್ 11ಕ್ಕೆ ಬಂದರು. ಬಂದವರ ದೂರು ಹೆಚ್ಚುಕಡಿಮೆ ಒಂದೇ: "ಮೊದಲ ಸಪ್ಪಳನ ಇರಲಿಲ್ರಿ, ಈಗ ಗಿರಣಿ ಹಂಗ ಹೊಡಕೋತದ."

ಅಕ್ಕಲಕೋಟೆ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರಿಗೂ ಹೀಗೇ ಆಯಿತು. ಅಂಗಡಿಗೆ ಒಯ್ದರು. ಫ್ಯಾನು ಹೋಗಿದೆ ಎಂದು ಅಂಗಡಿಯವರು ಹೊಸದು ಹಾಕಿದರು, ಸದ್ದು ನಿಲ್ಲಲಿಲ್ಲ. ಆಮೇಲೆ ಫಾರ್ಮ್ಯಾಟ್ ಮಾಡಿದರು. ಸದ್ದು ನಿಂತಿತು, ಆದರೆ ಡೆಸ್ಕ್‌ಟಾಪಿನ ಮೇಲಿದ್ದ ಹನ್ನೆರಡು ವರ್ಷದ ಕನ್ನಡ ಪ್ರಶ್ನೆಪತ್ರಿಕೆಗಳೂ ಪಾಠಟಿಪ್ಪಣಿಗಳೂ ಅಳಿಸಿಹೋದವು. ಗಡಿಭಾಗದ ಕನ್ನಡ ಶಾಲೆಗಳ ಮಟ್ಟಿಗೆ ಅಂಥ ಟಿಪ್ಪಣಿ ಪೇಟೆಯಲ್ಲಿ ಸಿಗುವ ವಸ್ತುವಲ್ಲ. ಆದ್ದರಿಂದ, ಮನೆಯಲ್ಲೇ ಏನೇನು ನೋಡಬಹುದು, ಯಾವಾಗ ಅಂಗಡಿಗೆ ಹೋಗಲೇಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಲ್ಯಾಪ್‌ಟಾಪಿನ ಫ್ಯಾನನ್ನು ಬಹುಮಟ್ಟಿಗೆ ನಡೆಸುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಮೇಲಿರುವ ಒಂದು ಚಿಕ್ಕ ಚಿಪ್ಪು, ತಯಾರಕರು ಬರೆದಿಟ್ಟ ಲೆಕ್ಕದ ಪ್ರಕಾರ, ಪ್ರೊಸೆಸರಿನ ಬಿಸಿ ನೋಡಿಕೊಂಡು ಫ್ಯಾನಿನ ವೇಗ ಏರಿಸುತ್ತದೆ, ಇಳಿಸುತ್ತದೆ. ವಿಂಡೋಸ್ ಮಾಡುವುದು ಪ್ರೊಸೆಸರಿಗೆ ಕೆಲಸ ಹಚ್ಚುವುದು. ಕೆಲಸ ಹೆಚ್ಚಾದರೆ ಬಿಸಿ, ಬಿಸಿಯಾದರೆ ಗಾಳಿ. ಹೀಗಾಗಿ ಅಪ್‌ಗ್ರೇಡ್ ಆದ ದಿನದಿಂದಲೇ ಸದ್ದು ಶುರುವಾಗಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಫ್ಯಾನು ಕೆಟ್ಟಿರುವುದಿಲ್ಲ. ಅದು ತನ್ನ ಕೆಲಸ ಮಾಡುತ್ತಿರುತ್ತದೆ. ಒಳಗೆ ಯಾರೋ ಒಲೆ ಉರಿಸುತ್ತಿರುತ್ತಾರೆ. ಆ ಯಾರೋ ಯಾರೆಂದು ಹುಡುಕಬೇಕು.

ಮೊದಲ ಎರಡು ದಿನ ಏನೂ ಮಾಡಬೇಡಿ. ಹೊಸ ವಿಂಡೋಸ್ ಬಂದೊಡನೆ ಅದು ನಿಮ್ಮ ಕಡತಗಳನ್ನೆಲ್ಲ ಹುಡುಕಾಟದ ಸೂಚಿಗೆ ಸೇರಿಸಿಕೊಳ್ಳುತ್ತದೆ. ವೈರಸ್ ತಪಾಸಣೆ ನಡೆಯುತ್ತದೆ, ಬಾಕಿ ಅಪ್‌ಡೇಟುಗಳು ಇಳಿಯುತ್ತವೆ, ಒನ್‌ಡ್ರೈವ್ ಇದ್ದರೆ ಅದೂ ತನ್ನ ಲೆಕ್ಕ ತಾಳೆ ನೋಡುತ್ತದೆ. ವರ್ಗವಾಗಿ ಬಂದ ಹೊಸ ಗುಮಾಸ್ತ ಕಪಾಟಿನ ಫೈಲುಗಳನ್ನೆಲ್ಲ ಕೆಳಗಿಳಿಸಿ ಹೊಸದಾಗಿ ರಿಜಿಸ್ಟರ್ ಬರೆದಂತೆ. ಚಾರ್ಜರ್ ಹಾಕಿ, ಇಂಟರ್‌ನೆಟ್ ಕೊಟ್ಟು, ಮುಚ್ಚಳ ತೆರೆದಿಟ್ಟು ಕೆಲವು ತಾಸು ಹಾಗೇ ಬಿಡಿ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರವಾದರೆ ಇನ್ನಷ್ಟು ಹೊತ್ತು ಬೇಕು. ಕೆಲಸ ಮುಗಿದಾಗ ಸದ್ದು ತಾನಾಗಿ ಇಳಿಯುತ್ತದೆ. ಇದೇ ಹೊತ್ತಿನಲ್ಲಿ ಒಂದು ಸಲ 'ರೀಸ್ಟಾರ್ಟ್' ಕೊಡಿ. 'ಶಟ್ ಡೌನ್' ಸಾಲದು, ಏಕೆಂದರೆ ಬಹುತೇಕ ಯಂತ್ರಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇರುವುದರಿಂದ ಶಟ್ ಡೌನ್ ಮಾಡಿದರೂ ವಿಂಡೋಸಿನ ಒಂದು ಭಾಗ ಅರ್ಧ ನಿದ್ದೆಯಲ್ಲೇ ಉಳಿಯುತ್ತದೆ. ರೀಸ್ಟಾರ್ಟಿನಲ್ಲಿ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಮೂರನೆಯ ದಿನವೂ ಸದ್ದು ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು ಎಂಬ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಕೆಲಸ ತೆಗೆದುಕೊಳ್ಳುತ್ತಿರುವುದು ಮೇಲಕ್ಕೆ ಬರುತ್ತದೆ. ನೀವು ಏನೂ ಮಾಡದೆ ಕುಳಿತಾಗ ಒಟ್ಟು ಸಿಪಿಯು ನೂರಕ್ಕೆ ಹತ್ತರ ಆಚೀಚೆ ಇರಬೇಕು. ಐದು ನಿಮಿಷ ನೋಡಿದರೂ ನಲವತ್ತು, ಐವತ್ತರಲ್ಲೇ ನಿಂತಿದ್ದರೆ ಮೇಲಿನ ಸಾಲಿನಲ್ಲಿರುವವರೇ ಕಾರಣ. 'ಸರ್ಚ್ ಇಂಡೆಕ್ಸರ್', 'ಆ್ಯಂಟಿಮಾಲ್‌ವೇರ್ ಸರ್ವಿಸ್', 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್' ಇವು ವಿಂಡೋಸಿನವೇ, ಇನ್ನೂ ಒಂದು ದಿನ ಕಾಯಿರಿ. ಬ್ರೌಸರ್ ಮೇಲಿದ್ದರೆ ಎಷ್ಟು ಟ್ಯಾಬು ತೆರೆದಿದ್ದೀರಿ ಎಣಿಸಿ. ಹಳೆಯ ವಿಂಡೋಸಿನ ಕಾಲದಲ್ಲಿ ಹಾಕಿಸಿ ಈಗ ಅವಧಿ ಮುಗಿದ ಆ್ಯಂಟಿವೈರಸ್ ಕಂಡರೆ ತೆಗೆದುಹಾಕಿ. ವಿಂಡೋಸ್ 11ರಲ್ಲಿ ಡಿಫೆಂಡರ್ ಜೊತೆಗೇ ಬರುತ್ತದೆ. ಹೆಸರೇ ಗೊತ್ತಿಲ್ಲದ ಕಾರ್ಯಕ್ರಮ ದಿನವಿಡೀ ಮೇಲೆ ಕುಳಿತಿದ್ದರೆ ವೈರಸ್ ತಪಾಸಣೆ ಮಾಡಿಸಿ.

'ಡೀಟೇಲ್ಸ್' ಪುಟದಲ್ಲಿ 'ಸಿಸ್ಟಮ್ ಐಡಲ್ ಪ್ರೊಸೆಸ್' ಎಂಬುದು ತೊಂಬತ್ತಕ್ಕಿಂತ ಮೇಲೆ ತೋರಿಸುತ್ತದೆ ಎಂದು ಗಾಬರಿಯಾಗಿ ಫೋಟೋ ಕಳಿಸಿದವರಿದ್ದಾರೆ. ಅದು ಪ್ರೊಸೆಸರ್ ಎಷ್ಟು ಖಾಲಿ ಕುಳಿತಿದೆ ಎಂಬ ಲೆಕ್ಕ. ಅದು ಹೆಚ್ಚಿದ್ದಷ್ಟೂ ಒಳ್ಳೆಯದು.

ಟಾಸ್ಕ್ ಮ್ಯಾನೇಜರಿನಲ್ಲಿ ಎಲ್ಲ ಶಾಂತವಾಗಿದ್ದು, ವಿಡಿಯೋ ಹಾಕಿದ ಕೂಡಲೇ ಫ್ಯಾನು ಏರಿದರೆ ಡ್ರೈವರ್ ಮೇಲೆ ಅನುಮಾನ ಪಡಬೇಕು. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗಡೆ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ಡಿಸ್‌ಪ್ಲೇ ಅಡಾಪ್ಟರ್ಸ್' ಕೆಳಗೆ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರು ಇರಬೇಕು. ಅದರ ಬದಲು 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಚಿತ್ರ ಬಿಡಿಸುವ ಕೆಲಸವೂ ಪ್ರೊಸೆಸರಿನ ತಲೆಗೇ ಬಿದ್ದಿದೆ ಎಂದರ್ಥ. ಯೂಟ್ಯೂಬಿನಲ್ಲಿ ಒಂದು ಯಕ್ಷಗಾನ ಹಾಕಿದರೂ ಸಾಕು, ಲ್ಯಾಪ್‌ಟಾಪು ಕಾದ ಹೆಂಚಾಗುತ್ತದೆ. ಇದಕ್ಕೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ಎಂಬಲ್ಲಿ ಹೋಗಿ ಡ್ರೈವರ್ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾಡೆಲ್ ನಂಬರ್ ಬರೆದುಕೊಂಡು ಆ ಕಂಪನಿಯ ಜಾಲತಾಣದಿಂದಲೇ ಗ್ರಾಫಿಕ್ಸ್ ಮತ್ತು ಚಿಪ್‌ಸೆಟ್ ಡ್ರೈವರುಗಳನ್ನು ಇಳಿಸಿಕೊಳ್ಳಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಬೇರೆ ಜಾಲತಾಣಗಳ ಸಹವಾಸ ಬೇಡ.

ಇಂಟೆಲ್ 7ನೇ ತಲೆಮಾರು ಅಥವಾ ಅದಕ್ಕಿಂತ ಹಿಂದಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪುಗಳು, ಕೆಲವೇ ಮಾಡೆಲ್ ಬಿಟ್ಟರೆ, ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಆದರೂ ಅಡ್ಡದಾರಿಯಲ್ಲಿ ಹಾಕಿಕೊಡುವ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ. ಅಂಥ ಯಂತ್ರಕ್ಕೆ ತಯಾರಕರು ವಿಂಡೋಸ್ 11ರ ಡ್ರೈವರ್ ಬರೆದೇ ಇರುವುದಿಲ್ಲ. ಅಪ್‌ಡೇಟು ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೂಡ ಕೊಡುವುದಿಲ್ಲ. ನಾವಂತೂ ಇದಕ್ಕೆ ಒಪ್ಪುವುದಿಲ್ಲ. ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಳ್ಳುವುದು ಮೇಲು. ಯೂನಿಕೋಡ್ ಕನ್ನಡ ಅದರಲ್ಲೂ ಚೆನ್ನಾಗಿ ಬರುತ್ತದೆ.

ಇನ್ನು ಪವರ್ ವ್ಯವಸ್ಥೆ. ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಅಂಡ್ ಬ್ಯಾಟರಿ ಎಂಬಲ್ಲಿ 'ಪವರ್ ಮೋಡ್' ಇದೆ. 'ಬೆಸ್ಟ್ ಪರ್ಫಾರ್ಮೆನ್ಸ್' ಎಂದಿದ್ದರೆ 'ಬ್ಯಾಲೆನ್ಸ್ಡ್' ಮಾಡಿ. ಪತ್ರ ಬರೆಯುವುದಕ್ಕೆ, ಸದಸ್ಯರ ಪಟ್ಟಿ ಇಡುವುದಕ್ಕೆ ಅಷ್ಟೇ ಧಾರಾಳ. ಹಳೆಯ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್ ಒಳಗೆ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ 'ಸಿಸ್ಟಮ್ ಕೂಲಿಂಗ್ ಪಾಲಿಸಿ' ಎಂಬುದು ಕೆಲವು ಯಂತ್ರಗಳಲ್ಲಿ ಕಾಣುತ್ತದೆ. 'ಆ್ಯಕ್ಟಿವ್' ಎಂದರೆ ಬಿಸಿಯಾದಾಗ ಮೊದಲು ಫ್ಯಾನು ಜೋರು ಮಾಡು, ಆಮೇಲೆ ಪ್ರೊಸೆಸರ್ ನಿಧಾನಿಸು. 'ಪ್ಯಾಸಿವ್' ಎಂದರೆ ಮೊದಲು ಪ್ರೊಸೆಸರ್ ನಿಧಾನಿಸು, ಆಮೇಲೆ ಫ್ಯಾನು. ಬ್ಯಾಟರಿಯ ಮೇಲಿದ್ದಾಗ ಪ್ಯಾಸಿವ್ ಇಟ್ಟರೆ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಚಾರ್ಜರಿಗೆ ಹಾಕಿ ಕೆಲಸ ಮಾಡುವಾಗ ಆ್ಯಕ್ಟಿವ್ ಇರಲಿ. ಸದ್ದು ಸಹಿಸಿಕೊಳ್ಳಬಹುದು, ಬಿಸಿ ಸಹಿಸುವುದು ಕಷ್ಟ. ಎಚ್‌ಪಿಯ ಅನೇಕ ಮಾಡೆಲ್‌ಗಳಲ್ಲಿ ಬಯೋಸಿನೊಳಗೆ 'ಫ್ಯಾನ್ ಆಲ್ವೇಸ್ ಆನ್' ಎಂಬ ಸಾಲು ಇರುತ್ತದೆ. ಅದು ಆನ್ ಇದ್ದರೆ ಸಣ್ಣ ಸದ್ದು ಎಂದೂ ನಿಲ್ಲುವುದಿಲ್ಲ, ಅದು ರೋಗವೂ ಅಲ್ಲ.

ಇಷ್ಟರಲ್ಲೇ ಒಂದು ಗಡುವು ನೆನಪಿಡಿ: ಹತ್ತು ದಿನ. ಅಪ್‌ಗ್ರೇಡ್ ಮಾಡಿದ ಹತ್ತು ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, 'ಗೋ ಬ್ಯಾಕ್' ಒತ್ತಿದರೆ ಕಡತಗಳು ಇದ್ದಂತೆಯೇ ಇದ್ದು ಹಳೆಯ ವಿಂಡೋಸ್ ಮರಳಿ ಬರುತ್ತದೆ. ಅಪ್‌ಗ್ರೇಡ್ ಆದ ಮೇಲೆ ಹಾಕಿದ ತಂತ್ರಾಂಶಗಳು ಮಾತ್ರ ಹೋಗುತ್ತವೆ. ಹತ್ತು ದಿನ ಕಳೆದರೆ ಹಳೆಯ ವಿಂಡೋಸಿನ ಕಡತಗಳನ್ನು ಯಂತ್ರವೇ ಅಳಿಸುತ್ತದೆ. ಆದ್ದರಿಂದ ಜಾಗ ಸಾಲದೆಂದು 'ವಿಂಡೋಸ್ ಓಲ್ಡ್' ಎಂಬ ಫೋಲ್ಡರನ್ನು ಅವಸರದಲ್ಲಿ ನೀವೇ ಅಳಿಸಲು ಹೋಗಬೇಡಿ.

ಮೇಲಿನದೆಲ್ಲ ಆದರೂ ಸದ್ದು ಇಳಿಯದಿದ್ದರೆ ವಿಂಡೋಸನ್ನು ಪಕ್ಕಕ್ಕಿಟ್ಟು ನೋಡಬೇಕು. ಡೆಲ್ಲಿನಲ್ಲಿ ಆನ್ ಮಾಡುವಾಗ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್2. ವಿಂಡೋಸ್ ಬರುವ ಮೊದಲೇ ಯಂತ್ರದ ಸ್ವಂತ ತಪಾಸಣೆ ಸಿಗುತ್ತದೆ, ಅದರಲ್ಲಿ ಫ್ಯಾನಿನದೂ ಇದೆ. ಅಲ್ಲಿಯೂ ಕರಕರ ಎಂದು ತಿಕ್ಕುವ ಸದ್ದು ಬಂದರೆ, ಲ್ಯಾಪ್‌ಟಾಪು ಓರೆ ಮಾಡಿದಾಗ ಸದ್ದು ಬದಲಾದರೆ, ಬೇರಿಂಗ್ ಸವೆದಿದೆ. ಆಗ ಹೊಸ ಫ್ಯಾನು ಹಾಕಿಸುವುದು ನ್ಯಾಯ.

ಧೂಳಿನ ವಿಷಯದಲ್ಲಿ ಊರೂರಿಗೆ ವ್ಯತ್ಯಾಸವಿದೆ. ನಮ್ಮ ಸೊಲ್ಲಾಪುರದಲ್ಲಿ ಪವರ್‌ಲೂಮ್ ಇರುವ ಓಣಿಗಳ ಮನೆಗಳಲ್ಲಿ ಹತ್ತಿಯ ನವಿರು ಫ್ಯಾನಿಗೂ ಅದರ ಮುಂದಿನ ತಾಮ್ರದ ಪದರಗಳಿಗೂ ನಡುವೆ ಕಂಬಳಿಯ ತುಂಡಿನಂತೆ ಹೆಣೆದುಕೊಳ್ಳುತ್ತದೆ. ಹೊರಗಿನ ಜಾಲರಿ ಸ್ವಚ್ಛ ಕಾಣುತ್ತದೆ, ಒಳಗೆ ಗಾಳಿ ಹೋಗುವ ದಾರಿ ಮುಚ್ಚಿರುತ್ತದೆ. ಆದವಾನಿ, ರಾಯದುರ್ಗದ ಕಡೆ ಒಣ ಮಣ್ಣಿನ ಧೂಳು. ಅದು ಊದಿದರೆ ಹೋಗುತ್ತದೆ. ಕಾಸರಗೋಡಿನಲ್ಲಿ ಉಪ್ಪು ಬೆರೆತ ತೇವ, ಲೋಹದ ಭಾಗಗಳಿಗೆ ತುಕ್ಕು. ನೀಲಗಿರಿಯವರಿಗೆ ಒಂದು ಅನುಕೂಲವಿದೆ: ಆ ಚಳಿಯಲ್ಲೂ ಸುಮ್ಮನಿದ್ದ ಲ್ಯಾಪ್‌ಟಾಪಿನ ಫ್ಯಾನು ಅಬ್ಬರಿಸಿದರೆ ಹವೆಯನ್ನು ದೂರುವಂತಿಲ್ಲ, ನೇರ ಟಾಸ್ಕ್ ಮ್ಯಾನೇಜರಿಗೆ ಹೋಗಬಹುದು. ಸೊಲ್ಲಾಪುರ, ಜತ್ತದಲ್ಲಿ ಹಾಗಲ್ಲ. ಹೆಚ್ಚಿನ ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ ಸುತ್ತಲಿನ ಹವೆ 35 ಡಿಗ್ರಿಯೊಳಗೆ ಇರಬೇಕೆಂದು ಬರೆದಿರುತ್ತದೆ. ಮೇ ತಿಂಗಳ ಮಧ್ಯಾಹ್ನ ಇಲ್ಲಿ 40 ದಾಟುವುದು ಮಾಮೂಲು. ಫ್ಯಾನು ಒಳಗೆ ಎಳೆದುಕೊಳ್ಳುವ ಗಾಳಿಯೇ ಅಷ್ಟು ಬಿಸಿಯಿದ್ದಾಗ ಅದು ತಂಪು ಮಾಡುವುದಾದರೂ ಹೇಗೆ? ಬೇಸಿಗೆಯಲ್ಲಿ ದೊಡ್ಡ ಕೆಲಸ ಬೆಳಗ್ಗೆ ಮುಗಿಸಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ, ಚಾದರದ ಮೇಲೆ ಇಡಬೇಡಿ. ಸೊಲ್ಲಾಪುರದ ಚಾದರ ಎಷ್ಟೇ ಹೆಸರುವಾಸಿಯಾದರೂ ಅಡಿಯ ಗಾಳಿಕಿಂಡಿಯನ್ನು ಅದು ಪೂರ್ತಿ ಮುಚ್ಚುತ್ತದೆ.

ಸ್ವಚ್ಛ ಮಾಡಿಸುವಾಗ ಬ್ಲೋವರಿನ ಗಾಳಿಗೆ ಫ್ಯಾನು ಗಿರಗಿರ ತಿರುಗದಂತೆ ಒಂದು ಕಡ್ಡಿಯಿಂದ ಹಿಡಿದುಕೊಳ್ಳಲು ಹೇಳಿ. ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರಿಂದ ಹುಟ್ಟುವ ಸ್ಥಿರವಿದ್ಯುತ್ತು ಚಿಪ್ಪಿಗೆ ಕೇಡು. ನಾಲ್ಕೈದು ವರ್ಷದ ಯಂತ್ರವಾದರೆ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಅದನ್ನೂ ಹೊಸದು ಹಾಕಿಸಿ.

ಸದ್ದಿಗಿಂತ ಸದ್ದಿಲ್ಲದಿರುವುದು ಅಪಾಯ. ಲ್ಯಾಪ್‌ಟಾಪು ಕೈ ಇಡಲಾಗದಷ್ಟು ಬಿಸಿ, ಆದರೆ ಫ್ಯಾನು ತಿರುಗುತ್ತಿಲ್ಲ, ನಡುವೆ ತಾನಾಗಿ ಆಫ್ ಆಗುತ್ತದೆ, ಅಥವಾ ಎಚ್‌ಪಿಯಲ್ಲಿ '90ಬಿ' ಎಂಬ ಸೂಚನೆ, ಥಿಂಕ್‌ಪ್ಯಾಡಿನಲ್ಲಿ 'ಫ್ಯಾನ್ ಎರರ್' ಎಂದು ಬರುತ್ತದೆ ಎಂದಾದರೆ ಎರಡು ದಿನ ಕಾಯುವ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ. ಅಂದೇ ಬಂದ್ ಮಾಡಿ ಅಂಗಡಿಗೆ ಒಯ್ಯಿರಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅಡಿಭಾಗ ಉಬ್ಬಿದ್ದರೆ ಅದು ಬ್ಯಾಟರಿ ಊದಿರುವುದು. ಚಾರ್ಜರ್ ತೆಗೆದುಬಿಡಿ, ಒತ್ತಬೇಡಿ, ಚುಚ್ಚಬೇಡಿ.

ಅಂಗಡಿಗೆ ಕೊಡುವ ಮೊದಲಿನ ಕೆಲಸ ಕಡತಗಳದು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತದೆ. ಫಾರ್ಮ್ಯಾಟ್ ಎಂದರೆ ಅಳಿಯುವುದು ಅದೇ. ಡಿ ಡ್ರೈವ್ ಉಳಿಸಿದ್ದೇವೆ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ, ಆದರೆ ನಿಮ್ಮ ಸಾಮಾನು ಅಲ್ಲಿರಲಿಲ್ಲ. ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಮನೆಯಲ್ಲಿಡಿ. ಹಳೆಯ ನುಡಿ, ಬರಹದಲ್ಲಿ ಮಾಡಿದ ಕಡತಗಳಿದ್ದರೆ ಅವುಗಳ ಫಾಂಟುಗಳನ್ನೂ ಸೇರಿಸಿ. ಅಪ್‌ಗ್ರೇಡಿನಲ್ಲಿ ಫಾಂಟು ಉಳಿಯುತ್ತದೆ, ಫಾರ್ಮ್ಯಾಟಿನಲ್ಲಿ ಹೋಗುತ್ತದೆ. ಫಾಂಟು ಇಲ್ಲದೆ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ ಕಾಣುತ್ತದೆ. ಮರಾಠಿ, ತೆಲುಗು, ಮಲಯಾಳಂ ಬಲ್ಲ ಮೆಕ್ಯಾನಿಕ್ ಅದನ್ನು ಕೆಟ್ಟ ಕಡತವೆಂದು ಅಳಿಸುವ ಸಂಭವವೂ ಇದೆ. ಅದು ಕೆಟ್ಟಿಲ್ಲ, ಫಾಂಟು ಮತ್ತೆ ಹಾಕಿದರೆ ಅಕ್ಷರ ಮರಳುತ್ತದೆ. "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು" ಎಂದು ರಸೀದಿಯ ಮೇಲೆ ಬರೆಯಿಸಿಕೊಳ್ಳಿ.

ಸೊಲ್ಲಾಪುರದ ಸುತ್ತಲಿನ ಸದಸ್ಯರು ತಿಂಗಳ ಸಭೆಯ ದಿನ ಲ್ಯಾಪ್‌ಟಾಪು, ಚಾರ್ಜರ್ ಮತ್ತು ಒಂದು ಖಾಲಿ ಪೆನ್‌ಡ್ರೈವ್ ತಂದರೆ ಸಭೆ ಮುಗಿದ ಮೇಲೆ ಕೂತು ನೋಡೋಣ. ದೂರದ ಊರಿನವರು ಟಾಸ್ಕ್ ಮ್ಯಾನೇಜರಿನ ಫೋಟೋ, ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ಮತ್ತು ಅಪ್‌ಗ್ರೇಡ್ ಮಾಡಿದ ದಿನಾಂಕವನ್ನು ಸಂಘದ ವಾಟ್ಸ್ಆ್ಯಪಿಗೆ ಕಳಿಸಿ. ದಿನಾಂಕ ತಪ್ಪದೆ ಬರೆಯಿರಿ, ಹತ್ತು ದಿನದ ಗಡುವು ಹತ್ತಿರ ಇರುವವರದನ್ನು ಮೊದಲು ನೋಡುತ್ತೇವೆ.

— ಕಾರ್ಯದರ್ಶಿ