ಪ್ಲೇಗಿನ ಕಾಲದಲ್ಲಿ ತೋಳು ಚಾಚಿದವರು

ಅಕ್ಕ-ತಂಗಿಯರೇ, ಕೂಸಿಗೆ ಸೂಜಿ ಹಾಕಿಸೋ ದಿನ ನಮ್ಮ ರಬಕವಿಯ ಕೆಲವು ಮನೆಗಳಲ್ಲಿ “ಬ್ಯಾಡವ್ವಾ, ಜ್ವರ ಬರ್ತಾವ” ಎಂದು ಹಿರಿಯರು ಅಡ್ಡ ಬರುವುದುಂಟು. ಅವರನ್ನು ದಡ್ಡರೆಂದು ಜರೆಯುವ ಮೊದಲು ಒಂದು ಹಳೆಯ ಸಂಗತಿ ಕೇಳಿರಿ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಇಲಿಯ ಮೈಮೇಲಿನ ಚಿಗಟದಿಂದ ಹರಡುವ ಬ್ಯಾನಿ ಅದು. ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಡ್ಡೆ, ಮೈ ಸುಡುವ ಜ್ವರ. ಈಗಿನಂಥ ಔಷಧ ಆಗ ಇರಲಿಲ್ಲ. 1897ರಲ್ಲಿ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಪುಣೆಯಲ್ಲಿ ಗೋರಾ ಸಿಪಾಯಿಗಳು ರೋಗಿಗಳನ್ನು ಹುಡುಕುತ್ತ ಅಡಿಗೆಮನೆ, ದೇವರಮನೆಗಳಿಗೂ ನುಗ್ಗಿದರು. ಹೆಂಗಸರ ಮೈಯನ್ನು ಪರಗಂಡಸರು ಮುಟ್ಟಿ ಪರೀಕ್ಷಿಸಿದರು. ಕರಿಯ ಜನ, ಹೊಲಸು ಮನೆ, ಇವರನ್ನೇನು ಕೇಳುವುದು ಎಂಬ ದರ್ಪ! ಆಸ್ಪತ್ರೆಗೆ ಒಯ್ದವರ ಮುಖ ಮತ್ತೆ ಕಾಣುವ ಭರವಸೆ ಇಲ್ಲದ್ದರಿಂದ ಜನ ರೋಗಿಗಳನ್ನು ಬಚ್ಚಿಟ್ಟರು. ಬ್ಯಾನಿ ಇನ್ನಷ್ಟು ಹಬ್ಬಿತು. ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಪ್ಲೇಗು ಅಧಿಕಾರಿ ರ‍್ಯಾಂಡನಿಗೆ ಗುಂಡು ಹಾರಿಸಿದರು.

ಅದೇ ಪುಣೆಯಲ್ಲಿ ಇನ್ನೊಂದು ಕೈಯೂ ಇತ್ತು. ಸಾವಿತ್ರಿಬಾಯಿ ಫುಲೆಯವರು ಡಾಕ್ಟರನಾಗಿದ್ದ ದತ್ತುಮಗ ಯಶವಂತನೊಡನೆ ರೋಗಿಗಳ ಸೇವೆಗೆ ನಿಂತರು. ನಾವೇ ಊರ ಹೊರಗಿಟ್ಟ ಜಾತಿಯ ಹುಡುಗನೊಬ್ಬನನ್ನು ಹೆಗಲ ಮೇಲೆ ಹೊತ್ತು ತಂದರು. ಅದೇ ಬ್ಯಾನಿ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಬಿಳಿಯರ ದರ್ಪವನ್ನು ಬೈಯುವ ನಾವು ನಮ್ಮೊಳಗಿನ ದರ್ಪವನ್ನೂ ನೋಡಿಕೊಳ್ಳಬೇಕಲ್ಲವೇ?

ಆ ಹೊತ್ತಿಗೆ ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ಯೆಹೂದಿ ವಿಜ್ಞಾನಿ ಪ್ಲೇಗಿಗೆ ಲಸಿಕೆ ಕಂಡುಹಿಡಿದಿದ್ದರು. 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು! ಆದರೂ ಸರಕಾರದ ಮೇಲಿನ ಸಂಶಯ ಸೂಜಿಗೂ ಅಂಟಿತು. “ಚುಚ್ಚಿಸಿಕೊಂಡರ ಮಕ್ಕಳಾಗೂದಿಲ್ಲ” ಎಂಬ ಗಾಳಿಸುದ್ದಿ ಎದ್ದಿತು.

ಪ್ಲೇಗು ನಮ್ಮ ಕಡೆಗೂ ಬಂತು. ಜನ ಊರು ಬಿಟ್ಟು ಹೊಲದಾಗ ಗುಡಿಸಲು ಹಾಕಿಕೊಂಡರು. 1898ರಲ್ಲಿ ಹುಬ್ಬಳ್ಳಿ ಸುಮಾರು 50,000 ಜನರ ಊರು. ಅಲ್ಲಿ ಲ್ಯೂಮನ್ ಎಂಬ ಡಾಕ್ಟರರ ಮೇಲ್ವಿಚಾರಣೆಯಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ 38,000ಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಸೂಜಿ ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು. ಧಾರವಾಡದ ಕಡೆ ಆಲಿಸ್ ಕಾರ್ಥಾರ್ನ್ ಎಂಬ ಡಾಕ್ಟರಮ್ಮ ಸೂಜಿ ಹಾಕಿದರು. ಆಕೆಯೂ ಬಿಳಿಯಳೇ. ಪರಗಂಡಸಿನ ಮುಂದೆ ಸೆರಗು ಸರಿಸಲಾರದ ಹೆಣ್ಣಿಗೆ ಹೆಣ್ಣಿನ ಕೈ ಎಷ್ಟು ಸಮಾಧಾನ ಕೊಟ್ಟೀತು, ನಿಮಗೆ ಹೇಳಬೇಕಾಗಿಲ್ಲ.

ಆ 1897ರ ಕಾಯಿದೆಯನ್ನೇ 2020ರಲ್ಲಿ ಕೊರೋನಾ ಬಂದಾಗಲೂ ಬಳಸಿದರು. ಮಕ್ಕಳಾಗೂದಿಲ್ಲ ಎಂಬ ಅದೇ ಗಾಳಿಸುದ್ದಿ ಆಗಲೂ ಹಬ್ಬಿತು. ಆದರೆ ಈ ಸಲ ಬಾಗಿಲಿಗೆ ಬಂದವಳು ನಮ್ಮ ಓಣಿಯ ಆಶಾ ಕಾರ್ಯಕರ್ತೆ. “ಏನಕ್ಕಾ, ಆರಾಮ ಇದ್ದೀರೇನು?” ಎಂದು ಕೇಳಿ ಆಮೇಲೆ ಮಾತು ತೆಗೆದಳು.

ಆದ್ದರಿಂದ ತಾಯಂದಿರೇ, ಅತ್ತೆಯವರು ಬ್ಯಾಡ ಅಂದರೆ ಜಗಳಕ್ಕೆ ನಿಲ್ಲಬೇಡಿ. ಅವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ರೋಗಕ್ಕೆ ಯಾವ ಸೂಜಿ, ಜ್ವರ ಎಷ್ಟು ದಿನ ಇದ್ದೀತು, ಏನು ಕೊಡಬೇಕು ಎಂಬುದನ್ನು ನರ್ಸಮ್ಮನ ಬಾಯಿಂದಲೇ ಕೇಳಿಸಿರಿ. ಸೂಜಿ ಹಾಕುವಾಗ ಕೂಸು ಅಜ್ಜಿಯ ತೊಡೆಯ ಮೇಲೇ ಇರಲಿ.