ಚರ್ಮದ ಹೊಲಿಗೆ ಯಂತ್ರ

ಚರ್ಮದ ಹೊಲಿಗೆ ಯಂತ್ರವು ಚರ್ಮ, ಕ್ಯಾನ್ವಾಸ್, ರೆಕ್ಸಿನ್ ಮೊದಲಾದ ದಪ್ಪ ಹಾಗೂ ಗಡುಸಾದ ವಸ್ತುಗಳನ್ನು ಹೊಲಿಯಲು ರೂಪಿಸಲಾದ ಭಾರಿ ಸಾಮರ್ಥ್ಯದ ಯಂತ್ರವಾಗಿದೆ. ಚೀಲ, ಸೊಂಟಪಟ್ಟಿ, ಪಾದರಕ್ಷೆ, ಕುದುರೆಯ ಜೀನು, ವಾಹನಗಳ ಆಸನದ ಹೊದಿಕೆ ಮುಂತಾದವುಗಳ ತಯಾರಿಕೆಯಲ್ಲಿ ಇದನ್ನು ಬಳಸುತ್ತಾರೆ. ಬಟ್ಟೆ ಹೊಲಿಯುವ ಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೇವಲ ಬಲದ್ದಲ್ಲ. ಬಟ್ಟೆಯಲ್ಲಿ ಸೂಜಿಯು ಎಳೆಗಳ ನಡುವೆ ಸರಿದು ಹೋಗುತ್ತದೆ. ಹೊಲಿಗೆ ಬಿಚ್ಚಿದರೆ ಎಳೆಗಳು ಬಹುಮಟ್ಟಿಗೆ ಮತ್ತೆ ಕೂಡಿಕೊಳ್ಳುತ್ತವೆ. ಚರ್ಮದಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ. ಆದ್ದರಿಂದ ಸೂಜಿ, ದಾರ, ಹೊಲಿಗೆಯ ಉದ್ದ ಮತ್ತು ವೇಗ ಇವುಗಳನ್ನು ಹೊಲಿಯುವ ಮೊದಲೇ ನಿರ್ಧರಿಸಿಕೊಳ್ಳುವುದು ಈ ಯಂತ್ರದ ಬಳಕೆಯಲ್ಲಿ ಮುಖ್ಯವಾದ ಅಂಶವಾಗಿದೆ.

ಇತಿಹಾಸ

ಹೊಲಿಗೆ ಯಂತ್ರದ ಇತಿಹಾಸವು ಚರ್ಮದ ಕೆಲಸದೊಂದಿಗೇ ಆರಂಭವಾಗುತ್ತದೆ. 1790ರಲ್ಲಿ ಇಂಗ್ಲೆಂಡಿನ ಥಾಮಸ್ ಸೇಂಟ್ ಎಂಬಾತ ಪಡೆದ ಪೇಟೆಂಟಿನಲ್ಲಿ ಚರ್ಮ ಮತ್ತು ಕ್ಯಾನ್ವಾಸನ್ನು ಹೊಲಿಯುವ ಯಂತ್ರದ ವಿನ್ಯಾಸವಿತ್ತು. ಅದರಲ್ಲಿ ಮೊದಲು ಒಂದು ಮೊನೆ ತೂತು ಕೊರೆಯುತ್ತಿತ್ತು. ಬಳಿಕ ದಾರವು ಆ ತೂತಿನ ಮೂಲಕ ಹಾದು ಸರಪಳಿ ಹೊಲಿಗೆಯಾಗುತ್ತಿತ್ತು. ಈ ಪೇಟೆಂಟ್ ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. 1874ರಲ್ಲಿ ನ್ಯೂಟನ್ ವಿಲ್ಸನ್ ಅದನ್ನು ಪತ್ತೆಮಾಡಿ, ಕೆಲವು ಮಾರ್ಪಾಡುಗಳೊಂದಿಗೆ ಯಂತ್ರದ ಪ್ರತಿಕೃತಿಯನ್ನು ನಿರ್ಮಿಸಿದನು.

ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ ಎರಡು ದಾರಗಳ ಬೀಗದ ಹೊಲಿಗೆಯ (ಲಾಕ್ ಸ್ಟಿಚ್) ಯಂತ್ರಕ್ಕೂ, ಐಸಾಕ್ ಸಿಂಗರ್ 1851ರಲ್ಲಿ ತನ್ನ ಸುಧಾರಿತ ಯಂತ್ರಕ್ಕೂ ಪೇಟೆಂಟ್ ಪಡೆದರು. 1858ರಲ್ಲಿ ಲೈಮನ್ ಬ್ಲೇಕ್ ಬೂಟಿನ ಅಟ್ಟೆಯನ್ನು ಮೇಲ್ಭಾಗಕ್ಕೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದರ ಹಕ್ಕನ್ನು ಗಾರ್ಡನ್ ಮೆಕೇ ಖರೀದಿಸಿ ಅಭಿವೃದ್ಧಿಪಡಿಸಿದ ಮೇಲೆ ಪಾದರಕ್ಷೆಗಳ ತಯಾರಿಕೆಯು ಕಾರ್ಖಾನೆಯ ಉದ್ಯಮವಾಗಿ ಬೆಳೆಯಿತು.

ರಚನೆ ಮತ್ತು ವಿಧಗಳು

ಸಾಮಾನ್ಯ ಯಂತ್ರದಲ್ಲಿ ಬಟ್ಟೆಯನ್ನು ಮುಂದಕ್ಕೆ ಸಾಗಿಸುವುದು ಕೆಳಗಿನ ಹಲ್ಲುಗಳು ಮಾತ್ರ. ಚರ್ಮದ ಎರಡು ಪದರಗಳನ್ನು ಹೀಗೆ ಹೊಲಿದರೆ ಕೆಳಪದರ ಮುಂದೆ ಸಾಗಿ, ಒತ್ತುಪಾದಕ್ಕೆ ಅಂಟಿಕೊಂಡ ಮೇಲ್ಪದರ ಹಿಂದುಳಿಯುತ್ತದೆ. ಇದನ್ನು ತಪ್ಪಿಸಲು ನಡೆಯುವ ಪಾದದ (ವಾಕಿಂಗ್ ಫೂಟ್) ವ್ಯವಸ್ಥೆಯನ್ನು ಅಳವಡಿಸುತ್ತಾರೆ. ಸಂಯುಕ್ತ ಸಾಗಣೆಯ ಯಂತ್ರಗಳಲ್ಲಿ ಹಲ್ಲು, ಒಳಪಾದ ಮತ್ತು ಸೂಜಿ ಈ ಮೂರೂ ಒಟ್ಟಿಗೆ ಚಲಿಸುತ್ತವೆ. ಸೂಜಿಯು ಚರ್ಮದೊಳಗೆ ಇರುವಾಗಲೇ ಮುಂದೆ ಸಾಗುವುದರಿಂದ ಪದರಗಳು ಜಾರುವುದಿಲ್ಲ.

ಹಾಸಿನ ಆಕಾರವನ್ನು ಅನುಸರಿಸಿ ಯಂತ್ರಗಳನ್ನು ಹೀಗೆ ವಿಂಗಡಿಸಬಹುದು:

• ಸಮತಟ್ಟಾದ ಹಾಸಿನ ಯಂತ್ರ: ಸೊಂಟಪಟ್ಟಿ, ಕೈಚೀಲದ ಬಿಡಿಭಾಗಗಳು, ಆಸನದ ಹೊದಿಕೆ ಮುಂತಾದ ಚಪ್ಪಟೆ ಕೆಲಸಗಳಿಗೆ ಸೂಕ್ತ.
• ಕೊಳವೆಯಾಕಾರದ ತೋಳಿನ ಯಂತ್ರ: ಚೀಲದ ಅಂಚು, ಜೀನು ಮೊದಲಾದ ಬಾಗಿದ ಹಾಗೂ ಕೊಳವೆಯಂತಹ ಭಾಗಗಳನ್ನು ತೋಳಿನ ಸುತ್ತ ತಿರುಗಿಸಿ ಹೊಲಿಯಬಹುದು.
• ಕಂಬದ ಹಾಸಿನ ಯಂತ್ರ: ಪಾದರಕ್ಷೆಯ ಮೇಲ್ಭಾಗದಂತಹ ಮೂರು ಆಯಾಮಗಳ ಕೆಲಸಗಳಿಗೆ ಬಳಕೆಯಾಗುತ್ತದೆ.
• ರಿಪೇರಿ ಯಂತ್ರ: ಇದರ ಪಾದವು ಎಲ್ಲ ದಿಕ್ಕಿಗೂ ತಿರುಗುತ್ತದೆ. ಸಿಂಗರ್ 29ಕೆ ಈ ಬಗೆಯ ಪ್ರಸಿದ್ಧ ಮಾದರಿ. ತೇಪೆ ಹಾಕಲು ಇದು ಅನುಕೂಲಕರವಾದರೂ ಬಾಬಿನ್ ಚಿಕ್ಕದಾಗಿರುವುದರಿಂದ ಉದ್ದನೆಯ ಹೊಲಿಗೆಗಳಿಗೆ ಅಷ್ಟು ಸೂಕ್ತವಲ್ಲ.

ಮನೆಬಳಕೆಯ ಕೆಲವು ಯಂತ್ರಗಳನ್ನೂ "ಹೆವಿ ಡ್ಯೂಟಿ" ಎಂಬ ಹೆಸರಿನಲ್ಲಿ ಮಾರುತ್ತಾರೆ. ಅವು ಜೀನ್ಸ್ ಬಟ್ಟೆ ಹಾಗೂ ತೆಳುವಾದ ಮೃದು ಚರ್ಮವನ್ನು ಹೊಲಿಯಬಲ್ಲವು. ಆದರೆ ಸೊಂಟಪಟ್ಟಿಯ ದಪ್ಪ ಚರ್ಮವನ್ನು ಅವುಗಳಲ್ಲಿ ಹೊಲಿಯಲು ಹೋದರೆ ಸೂಜಿ ಮುರಿಯುವ, ಗಿಯರುಗಳು ಸವೆಯುವ ಸಂಭವವಿದೆ. ಯಂತ್ರವನ್ನು ಕೊಳ್ಳುವಾಗ ಹೆಸರಿಗಿಂತ ಅದರ ಸಾಗಣೆಯ ವಿಧಾನ, ಪಾದವು ಮೇಲೇಳುವ ಎತ್ತರ ಮತ್ತು ಅದು ಸ್ವೀಕರಿಸುವ ದಾರದ ದಪ್ಪವನ್ನು ಗಮನಿಸಬೇಕು. ಹೊಲಿಯಬೇಕಾದ ಚರ್ಮದ ತುಂಡನ್ನೇ ಒಯ್ದು ಪರೀಕ್ಷಿಸುವುದು ಉತ್ತಮ.

ಸೂಜಿ ಮತ್ತು ದಾರ

ಸೂಜಿಯ ಮೆಟ್ರಿಕ್ ಸಂಖ್ಯೆಯು ಅದರ ದಪ್ಪವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಸೂಚಿಸುತ್ತದೆ. ಅಂದರೆ 140 ಸಂಖ್ಯೆಯ ಸೂಜಿ 1.4 ಮಿ.ಮೀ. ದಪ್ಪವಿರುತ್ತದೆ. ಬಟ್ಟೆಯ ಸೂಜಿಯ ಮೊನೆ ದುಂಡಗಿದ್ದು ಎಳೆಗಳನ್ನು ಸರಿಸುತ್ತದೆ. ಚರ್ಮದ ಸೂಜಿಯ ಮೊನೆಗೆ ಅಲಗು ಇದ್ದು ಅದು ಚರ್ಮವನ್ನು ಸೀಳಿಕೊಂಡು ಹೋಗುತ್ತದೆ. ಯಂತ್ರಕ್ಕೆ ನಿಗದಿಯಾದ ಮಾದರಿಯ ಸೂಜಿಯನ್ನೇ ಬಳಸಬೇಕು. ಉದ್ದ ಬದಲಾದರೆ ಸೂಜಿಯೂ ಕೊಕ್ಕೆಯೂ ಸರಿಯಾದ ಕ್ಷಣದಲ್ಲಿ ಸಂಧಿಸದೆ ಹೊಲಿಗೆ ತಪ್ಪುತ್ತದೆ.

ದಾರದ ದಪ್ಪವನ್ನು ಟೆಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. 1000 ಮೀಟರ್ ದಾರವು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಟೆಕ್ಸ್ ಸಂಖ್ಯೆ. ಚರ್ಮದ ಕೆಲಸಕ್ಕೆ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ರೂಢಿಯಲ್ಲಿದೆ. ಬಿಸಿಲಿಗೆ ಒಡ್ಡಿಕೊಳ್ಳುವ ವಸ್ತುಗಳಿಗೆ ಪಾಲಿಯೆಸ್ಟರ್ ಹೆಚ್ಚು ಬಾಳಿಕೆ ಬರುತ್ತದೆ. ಸಾಮಾನ್ಯವಾಗಿ ಅನುಸರಿಸುವ ಹೊಂದಾಣಿಕೆ ಹೀಗಿದೆ:

• ಟೆಕ್ಸ್ 70 ದಾರ: 100ರಿಂದ 110ರ ಸೂಜಿ (ಪರ್ಸ್, ತೆಳು ಚರ್ಮ)
• ಟೆಕ್ಸ್ 135 ದಾರ: 140ರ ಸೂಜಿ (ಕೈಚೀಲ)
• ಟೆಕ್ಸ್ 210 ದಾರ: 160ರಿಂದ 180ರ ಸೂಜಿ (ಸೊಂಟಪಟ್ಟಿ)
• ಟೆಕ್ಸ್ 270 ದಾರ: 180ರಿಂದ 200ರ ಸೂಜಿ (ಜೀನು, ಪಟ್ಟಿಗಳು)

ಸೂಜಿ ತೆಳುವಾದರೆ ದಾರ ತೂತಿನಲ್ಲಿ ಉಜ್ಜಿ ಹರಿಯುತ್ತದೆ. ಸೂಜಿ ದಪ್ಪವಾದರೆ ದಾರ ತುಂಬದೆ ತೂತು ಎದ್ದು ಕಾಣುತ್ತದೆ.

ಬಳಕೆಯ ಕ್ರಮ

ಹೊಸದಾಗಿ ಕಲಿಯುವವರು ಮೋಟಾರನ್ನು ಚಾಲನೆ ಮಾಡದೆ, ಕೈಚಕ್ರವನ್ನು ತಿರುಗಿಸುತ್ತ ಯಂತ್ರದ ಚಲನೆಯನ್ನು ಅರಿತುಕೊಳ್ಳುವುದು ಸೂಕ್ತ. ಎಣ್ಣೆ ಬಿಟ್ಟ ಬಳಿಕ ರದ್ದಿ ತುಂಡೊಂದರ ಮೇಲೆ ಹೊಲಿದು, ಎಣ್ಣೆಯ ಕಲೆ ಬೀಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಂತರ ಸೂಜಿಯ ಹಿಂಬದಿಯ ತಗ್ಗು ಕೊಕ್ಕೆಯ ಕಡೆಗೆ ಇರುವಂತೆ ಸೂಜಿಯನ್ನು ಪೂರ್ಣ ಮೇಲಕ್ಕೆ ತಳ್ಳಿ ತಿರುಪು ಬಿಗಿಯಬೇಕು.

ಹೊಲಿಯುವ ಅಂಚು ತೀರ ದಪ್ಪವಿದ್ದರೆ ರಂಪಿಗೆಯಿಂದ ಅದನ್ನು ಹೆರೆದು ತೆಳುಗೊಳಿಸುತ್ತಾರೆ. ಗುಂಡುಪಿನ್ನು ಚುಚ್ಚಿದರೆ ಅದರ ತೂತೂ ಉಳಿಯುವುದರಿಂದ ಪದರಗಳನ್ನು ಅಂಟಿನಿಂದ ಅಥವಾ ಕ್ಲಿಪ್ಪಿನಿಂದ ಹಿಡಿಸುತ್ತಾರೆ. ಮೊದಲ ಕೆಲವು ಹೊಲಿಗೆಗಳಾಗುವವರೆಗೆ ಎರಡೂ ದಾರಗಳ ತುದಿಯನ್ನು ಹಿಡಿದುಕೊಳ್ಳಬೇಕು. ಇಲ್ಲವಾದರೆ ದಾರ ಕೆಳಗೆ ಸಿಕ್ಕುಗಟ್ಟುತ್ತದೆ. ಮೂಲೆಯಲ್ಲಿ ಸೂಜಿಯನ್ನು ಚರ್ಮದೊಳಗೆ ಇಳಿಸಿ, ಪಾದವನ್ನು ಎತ್ತಿ ಚರ್ಮವನ್ನು ತಿರುಗಿಸಬೇಕು. ಕೊನೆಯಲ್ಲಿ ಅದೇ ತೂತುಗಳಲ್ಲಿ ಎರಡು ಮೂರು ಹೊಲಿಗೆ ಹಿಂದಕ್ಕೆ ಹಾಕಿ ದಾರವನ್ನು ಕತ್ತರಿಸಬೇಕು.

ಹೊಲಿಗೆಯ ಉದ್ದವು ಪರ್ಸಿನಂತಹ ಸಣ್ಣ ವಸ್ತುಗಳಿಗೆ 3ರಿಂದ 4 ಮಿ.ಮೀ., ದಪ್ಪ ಚರ್ಮಕ್ಕೆ ಇನ್ನೂ ಹೆಚ್ಚು ಇರುವುದು ರೂಢಿ. ಹೊಲಿಗೆ ಒತ್ತಾಗಿದ್ದರೆ ಗಟ್ಟಿ ಎಂಬ ಬಟ್ಟೆಯ ಅನುಭವ ಇಲ್ಲಿ ಅನ್ವಯಿಸುವುದಿಲ್ಲ. ತೂತುಗಳು ತೀರ ಹತ್ತಿರವಾದರೆ ಅಂಚೆಚೀಟಿಗಳ ಹಾಳೆಯಂತೆ ಚರ್ಮವು ಅದೇ ಸಾಲಿನಲ್ಲಿ ಹರಿಯುತ್ತದೆ.

ಮೇಲಿನ ಮತ್ತು ಕೆಳಗಿನ ದಾರಗಳ ಗಂಟು ಚರ್ಮದ ಮಧ್ಯದಲ್ಲಿ ಅಡಗಿರಬೇಕು. ಗಂಟು ಮೇಲ್ಭಾಗದಲ್ಲಿ ಕಂಡರೆ ಮೇಲಿನ ದಾರದ ಬಿಗಿತವನ್ನು ಕಡಿಮೆ ಮಾಡಬೇಕು. ಕೆಳಭಾಗದಲ್ಲಿ ಕಂಡರೆ ಹೆಚ್ಚಿಸಬೇಕು. ಈ ಹೊಂದಾಣಿಕೆಯನ್ನು ಅದೇ ದಪ್ಪದ, ಅಷ್ಟೇ ಪದರಗಳ ರದ್ದಿ ಚರ್ಮದ ಮೇಲೆ ಮಾಡಿಕೊಂಡ ನಂತರವೇ ಮೂಲ ಕೆಲಸಕ್ಕೆ ತೊಡಗುತ್ತಾರೆ.

ವೇಗ ಮತ್ತು ಸುರಕ್ಷತೆ

ಹಳೆಯ ಕಾರ್ಖಾನೆ ಯಂತ್ರಗಳಲ್ಲಿ ಕ್ಲಚ್ ಮೋಟಾರ್ ಇರುತ್ತದೆ. ಅದು ಸ್ವಿಚ್ ಹಾಕಿದೊಡನೆ ಪೂರ್ಣ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಪೆಡಲ್ ಒತ್ತಿದಾಗ ಆ ವೇಗ ಯಂತ್ರಕ್ಕೆ ದಾಟುತ್ತದೆ. ಸರ್ವೋ ಮೋಟಾರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ ಮತ್ತು ಅದರ ಗರಿಷ್ಠ ವೇಗವನ್ನು ಮೊದಲೇ ನಿಗದಿಪಡಿಸಬಹುದು. ಒಂದೊಂದೇ ಹೊಲಿಗೆಯನ್ನು ನೋಡಿಕೊಂಡು ಹಾಕಲು ಸಾಧ್ಯವಾಗುವುದರಿಂದ ಕಲಿಯುವವರಿಗೆ ಇದು ಹೆಚ್ಚು ಅನುಕೂಲಕರ.

ದಪ್ಪ ಚರ್ಮವನ್ನು ದಾಟುವ ಸೂಜಿ ಬೆರಳನ್ನೂ ದಾಟಬಲ್ಲದು. ದಾರ ಪೋಣಿಸುವಾಗ ಮತ್ತು ಸೂಜಿ ಬದಲಿಸುವಾಗ ಮೋಟಾರನ್ನು ನಿಲ್ಲಿಸಿ, ಕಾಲನ್ನು ಪೆಡಲಿನಿಂದ ತೆಗೆದಿರಬೇಕು. ಕ್ಲಚ್ ಮೋಟಾರ್ ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ಆಗ ಪೆಡಲ್ ತುಳಿದರೂ ಸೂಜಿ ಇಳಿಯುತ್ತದೆ. ಬೆಲ್ಟಿಗೆ ಕವಚ ಹಾಕಿಸಬೇಕು; ಸೆರಗು, ದುಪ್ಪಟ್ಟ, ಬಿಚ್ಚುಗೂದಲು ಅದಕ್ಕೆ ಸಿಗದಂತೆ ಎಚ್ಚರ ವಹಿಸಬೇಕು. ಮುರಿದ ಸೂಜಿಯ ಚೂರು ಸಿಡಿಯುವುದರಿಂದ ಕನ್ನಡಕ ಧರಿಸುವುದು ಒಳ್ಳೆಯದು. ದಾರದ ತುದಿಯನ್ನು ಲೈಟರಿನಿಂದ ಕರಗಿಸುವ ರೂಢಿಯಿದೆ. ರಬ್ಬರ್ ಅಂಟಿನ ಆವಿ ಬೇಗನೆ ಹೊತ್ತಿಕೊಳ್ಳುವುದರಿಂದ ಅಂಟಿನ ಡಬ್ಬಿಯನ್ನು ದೂರವಿಟ್ಟು, ಗಾಳಿಯಾಡುವ ಸ್ಥಳದಲ್ಲಿ ಈ ಕೆಲಸ ಮಾಡಬೇಕು.

ಕೈಹೊಲಿಗೆ ಮತ್ತು ಯಂತ್ರದ ಹೊಲಿಗೆ

ಜೀನಿನ ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ದಾರವನ್ನು ದಾಟಿಸುತ್ತಾರೆ. ಒಂದು ಕಡೆಯ ದಾರ ಹರಿದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. ಯಂತ್ರದ ಬೀಗದ ಹೊಲಿಗೆಯಲ್ಲಿ ಒಂದು ದಾರ ಹರಿದರೆ ಅಕ್ಕಪಕ್ಕದ ಹೊಲಿಗೆಗಳೂ ಸಡಿಲವಾಗಬಹುದು. ಆದರೆ ವೇಗ ಮತ್ತು ಏಕರೂಪತೆಯಲ್ಲಿ ಯಂತ್ರವೇ ಮುಂದು. ಅನೇಕ ಕುಶಲಕರ್ಮಿಗಳು ಉದ್ದನೆಯ ಸಾಲುಗಳನ್ನು ಯಂತ್ರದಲ್ಲಿಯೂ ಹೆಚ್ಚು ಎಳೆತ ಬೀಳುವ ಭಾಗಗಳನ್ನು ಕೈಯಿಂದಲೂ ಹೊಲಿಯುತ್ತಾರೆ.

ಕರ್ನಾಟಕದಲ್ಲಿ

2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯು ಸಾಂಪ್ರದಾಯಿಕವಾಗಿ ಕೈಯಿಂದಲೇ ತಯಾರಾಗುತ್ತದೆ. ಈ ಮಾನ್ಯತೆಯು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರ ಜಿಲ್ಲೆಗಳಿಗೂ ಅನ್ವಯಿಸುತ್ತದೆ. ರಾಜ್ಯದ ಚರ್ಮ ಕುಶಲಕರ್ಮಿಗಳ ಅಭಿವೃದ್ಧಿಗಾಗಿ 1976ರಲ್ಲಿ ಸ್ಥಾಪನೆಯಾದ ನಿಗಮವು ಇಂದು ಡಾ. ಬಾಬು ಜಗಜೀವನ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಎಂಬ ಹೆಸರಿನಲ್ಲಿದ್ದು, ಲಿಡ್ಕರ್ ಎಂದು ಪರಿಚಿತವಾಗಿದೆ.